ಎದುರುತೂಕ

"ಕಾಕಾ, ಇನ್ನೊಂದು ಗುಂಡು ಹಾಕಿದ್ರ ಕಲ್ಲವ್ವಗ ಕುಂಡ್ರಾಕ ಜಾಗಾನ ಇರೂದಿಲ್ಲ ನೋಡ್ರಿ," ಎಂದ ಬುಟ್ಟಿ ಬಿಡುವ ಈರಭದ್ರ.

ನಾನು ಆಗಷ್ಟೇ ಬುಟ್ಟಿಯೊಳಗೆ ಒಂದು ಕಾಲಿಟ್ಟಿದ್ದೆ. ಇನ್ನೊಂದನ್ನು ಒಳಗೆ ಎಳೆದುಕೊಳ್ಳುವ ಕೆಲಸ ನಡೆದಿತ್ತು. ಅದು ಈಚೆಗೆ ಒಂದೇ ಉಸಿರಿನಲ್ಲಿ ಮುಗಿಯುವ ಕೆಲಸವಾಗಿ ಉಳಿದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ನಗುವುದು ಕೇಳಿಸಿತು. ಹಗ್ಗ ಹಳೆಯದಾಗಿದೆ, ಅದಕ್ಕೇ ಹೀಗೆ ಜಗ್ಗುತ್ತದೆ ಎಂದು ನಾನು ಹೇಳಿದೆ. ಹಗ್ಗ ಹಳೆಯದಾದರೆ ಎಲ್ಲರಿಗೂ ಜಗ್ಗಬೇಕಲ್ಲ ಎಂದು ಈರಭದ್ರ ಬಹಳ ವಿನಯದಿಂದ ಕೇಳಿ, ಗಂಟೆಯ ದಾರ ಎಳೆದ. ಢಣ್, ಢಣ್, ಢಣ್. ಮೂರು ದೊಡ್ಡ ಗುಂಡು, ತೂಕದ ಕಲ್ಲು. ಮೇಲಿನವರು ಅಷ್ಟನ್ನೂ ಕಲ್ಲವ್ವನ ಬುಟ್ಟಿಗೆ ಹಾಕಬೇಕು. ಇಡೀ ಊರಿಗೆ ಈ ದಾವಲಸಾಬ ಹೊರಟ ಸುದ್ದಿ ಮುಟ್ಟಿತು.

ನಮ್ಮದು ಎರಡು ಓಣಿಯ ಊರು. ಮೇಲೋಣಿ ಬಂಡೆಯ ನೆತ್ತಿಯ ಮೇಲಿದೆ, ಕೆಳಗೋಣಿ ಬಂಡೆಯ ಬುಡಕ್ಕೆ, ಕೆರೆಯ ದಂಡೆಯಲ್ಲಿದೆ. ನಡುವೆ ಮೆಟ್ಟಿಲಿಲ್ಲ. ಹಿರಿಯರು ಕಡಿದು ನೋಡಿದ್ದಾರೆ. ಸಂಜೆ ಕಡಿದ ಮೆಟ್ಟಿಲನ್ನು ಬೆಳಗಾಗುವುದರೊಳಗೆ ಬಂಡೆ ನುಂಗಿ ಮೊದಲಿನಂತೆ ನುಣ್ಣಗೆ ನಿಂತಿರುತ್ತದೆ. ಏಣಿ ಇಟ್ಟರೆ ಏಣಿಯನ್ನೂ ನುಂಗುತ್ತದೆ. ನಮ್ಮ ಪಕ್ಕದ ಮನೆಯ ಬಿದಿರೇಣಿ ಹಾಗೆ ಹೋಯಿತು, ಆ ಮನೆಯವರು ಇವತ್ತಿಗೂ ಬಂಡೆಗೆ ಬೆನ್ನು ಹಾಕಿಯೇ ಕೂರುತ್ತಾರೆ. ಆದ್ದರಿಂದ ಬಂಡೆಯ ತುದಿಯಲ್ಲೊಂದು ಗಾಲಿ, ಗಾಲಿಯ ಮೇಲೊಂದು ಹಗ್ಗ, ಹಗ್ಗದ ಎರಡು ತುದಿಗೆ ಎರಡು ಬುಟ್ಟಿ. ಒಬ್ಬರು ಇಳಿದರೆ ಇನ್ನೊಬ್ಬರು ಏರುತ್ತಾರೆ. ಕೆಳಗಿನವರಿಗೆ ಮೇಲಿನ ಪೇಟೆಯಲ್ಲಿ ಕೆಲಸ, ಮೇಲಿನವರಿಗೆ ಕೆಳಗಿನ ಕೆರೆ, ಹೊಲಗಳಲ್ಲಿ ಕೆಲಸ. ಹೀಗಾಗಿ ಲೆಕ್ಕ ಸರಿಹೋಗಿದೆ.

ಯಾರ ಎದುರು ಯಾರು ಎನ್ನುವುದು ಹರೆಯ ಬಂದಾಗಲೇ ನಿಶ್ಚಯವಾಗಬೇಕು. ಕೆಳಗಿನ ಒಬ್ಬರಿಗೆ ಮೇಲಿನ ಒಬ್ಬರು, ಸರಿಯಾದ ತೂಕದವರು. ಅವರನ್ನು ನಾವು ಎದುರುತೂಕ ಅನ್ನುತ್ತೇವೆ. ನನ್ನ ಎದುರುತೂಕ ಮೇಲೋಣಿಯ ಕಲ್ಲವ್ವ. ನನಗೆ ಮೀಸೆ ಮೂಡುತ್ತಿದ್ದಾಗ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಆಗ ನಾನು ಹೇಗಿದ್ದೆ ಅಂದರೆ, ಗಾಳಿ ಜೋರಾದ ದಿನ ಬುಟ್ಟಿಯೊಳಗೆ ಒಂದು ಕೈಗುಂಡು ಇಟ್ಟುಕೊಂಡು ಕೂರು ಎಂದು ಅಮ್ಮ ಹೇಳುತ್ತಿದ್ದಳು. ಈಗ ಈ ಮಾತನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ಎದುರುತೂಕದವರು ಭೇಟಿಯಾಗುವುದು ನಡು ಆಕಾಶದಲ್ಲಿ ಮಾತ್ರ. ನಾನು ಮೇಲಿದ್ದಾಗ ಅವಳು ಕೆಳಗೆ, ಅವಳು ಮೇಲೆ ಹೋದಾಗ ನಾನು ಕೆಳಗೆ. ಒಂದೇ ನೆಲದ ಮೇಲೆ ನಾವಿಬ್ಬರೂ ಯಾವತ್ತೂ ನಿಂತಿಲ್ಲ. ಬುಟ್ಟಿಗಳು ಒಂದನ್ನೊಂದು ದಾಟುವಾಗ ಎರಡು ಮಾತಿಗೆ ಸಮಯ ಸಿಗುತ್ತದೆ, ಬಾಯಲ್ಲಿ ಎಲೆ ಅಡಿಕೆ ಇದ್ದರೆ ಒಂದೇ ಮಾತಿಗೆ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ. ನನ್ನ ಮಗಳಿಗೆ ಬಂದ ಸಂಬಂಧ ಒಪ್ಪಬೇಕೋ ಬೇಡವೋ ಎಂದು ಬೆಳಿಗ್ಗೆ ಕೇಳಿದೆ, ಹುಡುಗನ ಅವ್ವನ ದನಿ ಹೆಂಗೈತಿ ಅಂತ ನೋಡು ಎಂದು ಸಂಜೆ ಹೇಳಿದಳು. ಅವಳ ಗಂಡ ತೀರಿಕೊಂಡ ಮೇಲೆ ಅವಳು ಮೊದಲ ಸಲ ಇಳಿದ ದಿನ ಇಬ್ಬರೂ ಏನೂ ಮಾತಾಡಲಿಲ್ಲ. ಆ ದಿನ ನಾವು ದಾಟಲಿಕ್ಕೆ ಹಿಡಿದ ಹೊತ್ತು ನನಗೆ ಈಗಲೂ ಬಹಳ ಉದ್ದವಾಗಿ ನೆನಪಿದೆ. ನನ್ನ ಹೆಂಡತಿ ಬೀಬಿಜಾನಳ ಜೊತೆ ನಾನು ಇಡೀ ಆಯುಷ್ಯ ಮಾತಾಡಿದ್ದೇನೆ, ಅದರಲ್ಲಿ ಮುಕ್ಕಾಲು ಪಾಲು ಉಪ್ಪು ಹೆಚ್ಚು, ಉಪ್ಪು ಕಡಿಮೆ ಎನ್ನುವುದೇ. ಕಲ್ಲವ್ವನ ಜೊತೆ ಹಾಗೆ ಮಾತು ಹಾಳು ಮಾಡುವಂತಿರಲಿಲ್ಲ.

ನನ್ನ ಕೆಲಸ ಹತ್ತಿ ಹಿಂಜುವುದು. ಮೇಲಿನ ಪೇಟೆಯಲ್ಲಿ ನಮ್ಮದೊಂದು ಗಾದಿಯ ಅಂಗಡಿ. ಹಿಂಜುವ ಬಿಲ್ಲನ್ನು ಮಾಡಿನಿಂದ ತೂಗುಹಾಕಿ, ಕೊಡತಿಯಿಂದ ತಂತಿಯನ್ನು ಬಡಿಯುತ್ತಾ ನಿಂತರೆ ಬೆಳಗಿನಿಂದ ಸಂಜೆಯವರೆಗೆ ಮೈಯಲ್ಲಿ ಒಂದು ಎಳೆಯೂ ಸುಮ್ಮನಿರುವುದಿಲ್ಲ. ತಿಂದದ್ದೆಲ್ಲ ಎಲ್ಲಿ ಹೋಗುತ್ತದೆ ಎಂದು ನಾನು ಯಾವತ್ತೂ ಕೇಳಿಕೊಂಡವನಲ್ಲ. ವಯಸ್ಸಾದ ಮೇಲೆ ಬಲಭುಜ ಹಿಡಿದುಕೊಂಡಿತು. ಬಿಲ್ಲನ್ನು ತಮ್ಮನ ಮಗ ಮೌಲಾನ ಕೈಗೆ ಕೊಟ್ಟು, ನಾನು ಮಡಿಸಿಟ್ಟ ಗಾದಿಗಳ ಮೇಲೆ ಕೂತೆ. ಮೇಲ್ವಿಚಾರಣೆ ಅನ್ನುವುದು ಬಹಳ ಹಸಿವಿನ ಕೆಲಸ ಎಂದು ಆಮೇಲೆ ಗೊತ್ತಾಯಿತು. ಎದುರಿಗೇ ಬಜಿಯ ಅಂಗಡಿ. ತಿನ್ನುವುದು ಹಿಂಜುವ ಕಾಲದಷ್ಟೇ, ಹಿಂಜುವುದು ಮಾತ್ರ ಇಲ್ಲ. ಒಂದು ದಿನ ಮೇಲಿನಿಂದ ನಾಲ್ಕನೆಯ ಗಾದಿ ನನ್ನ ಆಕಾರಕ್ಕೆ ತಗ್ಗು ಬಿದ್ದಿದೆ, ಅದನ್ನು ಮಾರಲಿಕ್ಕಾಗುವುದಿಲ್ಲ ಎಂದು ಮೌಲಾ ಮೆಲ್ಲಗೆ ಹೇಳಿದ.

ಮೊದಲು ಒಂದು ಸಣ್ಣ ಗುಂಡು ಬಂತು. ಆಮೇಲೆ ದೊಡ್ಡದು. ಗುಂಡೆಲ್ಲ ಕಲ್ಲವ್ವನ ಬುಟ್ಟಿಗೇ. ಬೆಳಿಗ್ಗೆ ನಾನು ಏರಲಿಕ್ಕೆ, ಸಂಜೆ ನಾನು ದಪ್ಪೆಂದು ಬೀಳದಿರಲಿಕ್ಕೆ. ನಾನು ಉಬ್ಬುತ್ತಾ ಹೋದರೆ ಅವಳು ವಯಸ್ಸಿನಿಂದ ಒಣಗುತ್ತಾ ಹೋಗಿದ್ದಳು. ಕೆರೆಯ ದಂಡೆಯ ಸೊಪ್ಪಿನ ಮಡಿಗಳಲ್ಲಿ ದಿನವಿಡೀ ಬಗ್ಗಿ ಏಳುವ ಹೆಂಗಸು. ಆ ಸಣ್ಣ ಜೀವ ತೊಡೆಯ ಮೇಲೊಂದು, ಅಕ್ಕಪಕ್ಕ ಒಂದೊಂದು ಗುಂಡು ಇಟ್ಟುಕೊಂಡು ಇಳಿದು ಬರುವುದನ್ನು ನೋಡಿದರೆ, ಮೊಮ್ಮಕ್ಕಳನ್ನು ಜಾತ್ರೆಗೆ ಕರೆದುಕೊಂಡು ಹೊರಟಂತೆ ಕಾಣುತ್ತಿತ್ತು. ನಾನು ನಾಚಿಕೆಯಿಂದ ಹಗ್ಗದ ಕಡೆ ನೋಡುತ್ತಿದ್ದೆ.

"ಇವಕ್ಕ ಹೆಸರ ಇಟ್ಟೀನಿ, ದಾವಲಣ್ಣ," ಎಂದಳು ಅವತ್ತು ದಾಟುವಾಗ. "ಇದು ಬಜಿ, ಇದು ಶಿರಾ." ಮೂರನೆಯದರ ಹೆಸರು ಹೇಳುವುದರೊಳಗೆ ಕೆಳಗೆ ಹೋಗಿದ್ದಳು. ಸಂಜೆ ಹೇಳಿದಳು, ಮೂರನೆಯದು ಎರಡನೇ ಸಲ ಹಾಕಿಸಿಕೊಂಡ ಶಿರಾ.

ನಗುವ ಮಾತೇ, ಆದರೆ ನನಗೆ ನಗು ಬರಲಿಲ್ಲ. ಮೂರು ದೊಡ್ಡ ಗುಂಡು ಅಂದರೆ ಕೊನೆಯ ಗೆರೆ. ವರ್ಷಕ್ಕೊಮ್ಮೆ ಹೊಸ ಹಗ್ಗ ಏರಿಸುವ ದಿನ ಎಲ್ಲ ಜೋಡಿಗಳನ್ನೂ ಎರಡೂ ಓಣಿಯವರ ಎದುರು ತೂಗಿ ನೋಡುತ್ತಾರೆ. ಮೊದಲು ಗುಂಡಿಲ್ಲದೆ, ಆಮೇಲೆ ಒಂದೊಂದೇ ಹಾಕಿ. ನಾಲ್ಕನೆಯದು ಬೇಕಾಯಿತೋ, ಜೋಡಿ ಒಡೆದಂತೆ. ಕಲ್ಲವ್ವನಿಗೆ ಯಾವಳೋ ತೆಳ್ಳಗಿನ ಹುಡುಗಿ ಸಿಗುತ್ತಾಳೆ. ನನ್ನ ವಯಸ್ಸಿನಲ್ಲಿ, ನನ್ನ ಗಾತ್ರಕ್ಕೆ ಯಾರೂ ಉಳಿದಿರುವುದಿಲ್ಲ. ಅಂಥವರನ್ನು ಉಳ್ಳಾಗಡ್ಡಿ ಚೀಲದ ಎದುರು ಕಳಿಸುತ್ತಾರೆ. ಕೆಳಗೋಣಿಯಲ್ಲಿ ಈಗಾಗಲೇ ಇಬ್ಬರು ಹಾಗೆ ಹೋಗುತ್ತಾರೆ. ಒಬ್ಬರಂತೂ ದಾಟುವಾಗ ಅಭ್ಯಾಸಬಲದಿಂದ ಚೀಲಕ್ಕೆ ನಮಸ್ಕಾರ ಮಾಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊಸ ಹಗ್ಗದ ದಿನ ಮಾವಿನ ಹೂ ಕಾಯಿ ಕಟ್ಟುವ ಹೊತ್ತಿಗೆ ಬರುತ್ತದೆ. ಈಗ ಮರದಲ್ಲಿ ಹೂ ಬಿಡುತ್ತಿತ್ತು.

ಮನೆಗೆ ಬಂದು ಬೀಬಿಜಾನಳಿಗೆ ಹೇಳಿದೆ, ನಾಳೆಯಿಂದ ನಾನು ನಡೆಯುತ್ತೇನೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಡೆಯಿರಿ, ಯಾರು ಕಟ್ಟಿಹಾಕಿದ್ದಾರೆ ಎಂದಳು. ಮರುದಿನ ಮೇಲೋಣಿಗೆ ಹೋದವನೇ ಅಂಗಡಿಗೆ ಹೋಗದೆ ನಡೆಯಲು ಹೊರಟೆ. ಪೇಟೆಯ ಈ ತುದಿಯಿಂದ ಆ ತುದಿಗೆ. ದಾರಿಯಲ್ಲಿ ಎಲ್ಲರೂ ನಿಲ್ಲಿಸಿ ಸಲಹೆ ಕೊಟ್ಟರು. ಕೈ ಬೀಸಿ ನಡೀರಿ ಅಂತ ಒಬ್ಬರು, ಬೀಸಬೇಡಿ ಭುಜ ಹೋಗುತ್ತದೆ ಅಂತ ಇನ್ನೊಬ್ಬರು, ಬಿಸಿನೀರಿಗೆ ಲಿಂಬಿಹಣ್ಣು ಹಿಂಡಿ ಕುಡಿಯಿರಿ ಅಂತ ಲಿಂಬಿಹಣ್ಣು ಮಾರುವವನು. ಸಲಹೆ ಕೊಟ್ಟವರನ್ನು ಹಾಗೇ ಬಿಟ್ಟು ಹೋಗಲಿಕ್ಕಾಗುತ್ತದೆಯೇ? ಅವರ ಜೊತೆ ಒಂದು ಚಹಾ. ಚಹಾ ಬರಿದೇ ಕುಡಿಯಲಿಕ್ಕಾಗುತ್ತದೆಯೇ? ಪೇಟೆಯ ಆ ತುದಿ ಮುಟ್ಟುವ ಹೊತ್ತಿಗೆ ನನಗೆ ಬಹಳ ಹುಮ್ಮಸ್ಸು ಬಂದಿತ್ತು, ಅಂಗಿಯ ಕಿಸೆಯಲ್ಲಿ ಎರಡು ಮಿರ್ಚಿ ಬಜಿಯೂ ಇದ್ದವು.

ಆದರೆ ನಮ್ಮೂರಿನಲ್ಲಿ ಹೊಟ್ಟೆಯ ವಿಷಯ ಮುಚ್ಚಿಡಲಾಗುವುದಿಲ್ಲ. ಬೆಳಿಗ್ಗೆ ಮೂರು ಸಲ ಬಡಿದ ಗಂಟೆ ಸಂಜೆ ಮೂರು ಬಡಿದು, ಅದರ ಮೇಲೆ ಸಣ್ಣ ಗುಂಡಿನ ಗಂಟೆಯೂ ಒಮ್ಮೆ ಕಿಣ್ ಅಂದಿತು. ಬೀಬಿಜಾನ ಬಾಗಿಲಲ್ಲೇ ನಿಂತಿದ್ದಳು.

"ನಡೀತೀನಿ ಅಂದ್ರಿ, ನಡದ್ರಿ. ಎಲ್ಲೀಗೆ ನಡದ್ರಿ ಅನ್ನೂದನ್ನ ಗಂಟಿ ಹೇಳಿತು," ಎಂದಳು.

ಅವತ್ತಿನಿಂದ ನನ್ನ ತಾಲೀಮು ಅವಳ ಕೈಗೆ ಹೋಯಿತು. ಬೆಳಿಗ್ಗೆ ಗಾಲಿಯ ಸಾಲಿಗೆ ಹೋಗುವ ಮೊದಲು ಕೆರೆಯಿಂದ ನೀರು ತರಬೇಕು. ನಮ್ಮ ಮನೆಗಷ್ಟೇ ಅಲ್ಲ, ಅಕ್ಕಪಕ್ಕದ ಮೂರು ಮನೆಗೂ. ಮೊದಲ ದಿನ ಅರ್ಧ ಕೊಡ ಹಿಡಿದು ತಂದು ಕಟ್ಟೆಯ ಮೇಲೆ ಕೂತು ಇಷ್ಟು ಉಸಿರು ಬಿಟ್ಟೆನೆಂದರೆ ಪಕ್ಕದ ಮನೆಯ ನಾಯಿ ಎದ್ದು ಬಂದು ಮುಖ ನೋಡಿತು. ಬುತ್ತಿಗೆ ಎರಡು ರೊಟ್ಟಿ, ಪಲ್ಯ, ಒಂದು ಹಿಡಿ ಹಸಿ ಸವತಿಕಾಯಿ. ಮೌಲಾನಿಗೆ ಗುಟ್ಟಾಗಿ ಹೇಳಿಕಳಿಸಿದ್ದಳು. ಅವನು ನನ್ನ ತಗ್ಗು ಬಿದ್ದ ಗಾದಿಯನ್ನು ಅಟ್ಟಕ್ಕೆ ಹಾಕಿ, ಬಿಲ್ಲಿನ ಮುಂದೆ ನನ್ನನ್ನು ನಿಲ್ಲಿಸಿದ. ಬಲಗೈಯಲ್ಲಿ ಆಗದಿದ್ದರೆ ಎಡಗೈಯಲ್ಲಿ ಹಿಂಜಿರಿ ಎಂದ. ಎಡಗೈಯಲ್ಲಿ ನಾನು ಹಿಂಜಿದ ಹತ್ತಿಯನ್ನು ನೋಡಿ, ಇದನ್ನು ಕೋಳಿಗೂಡಿಗೆ ಹಾಸಬಹುದು ಎಂದೂ ಹೇಳಿದ. ಆದರೂ ಬಿಡಲಿಲ್ಲ. ಸ್ವಲ್ಪ ಹಿಂಜುವುದು, ಕೂತು ಸುಧಾರಿಸಿಕೊಳ್ಳುವುದು, ಮತ್ತೆ ಸ್ವಲ್ಪ. ನಡೆಯುವುದಂತೂ ಪೇಟೆಯ ಕಡೆ ಇಲ್ಲವೇ ಇಲ್ಲ. ಬಂಡೆಯ ಅಂಚಿನ ಮೋಟುಗೋಡೆಯ ಪಕ್ಕ ಒಂದು ಕಾಲುದಾರಿಯಿದೆ, ಅಲ್ಲಿ ಆಡುಗಳ ಹೊರತು ಸಲಹೆ ಕೊಡುವವರು ಯಾರೂ ಇಲ್ಲ.

ತೂಕ ಇಳಿಯುತ್ತದೆ ಅಂದುಕೊಂಡಷ್ಟು ದಿನ ಅದು ಇಳಿಯಲಿಲ್ಲ. ಆಮೇಲೆ ನಾನು ಗಂಟೆಗೆ ಕಿವಿ ಕೊಡುವುದನ್ನೇ ಮರೆತಿದ್ದಾಗ, ಒಂದು ಬೆಳಿಗ್ಗೆ ಎರಡೇ ಸಲ ಬಡಿಯಿತು. ಈರಭದ್ರ ತಪ್ಪು ಎಣಿಸಿದನೆಂದು ನಾನೇ ಜಗಳಕ್ಕೆ ಹೋದೆ. ಅವನು ಬುಟ್ಟಿಯ ತಳ ತೋರಿಸಿದ. ಅದು ನೆಲ ಬಿಟ್ಟು ಆಗಲೇ ಮೇಲೆದ್ದಿತ್ತು. ದಾಟುವಾಗ ಕಲ್ಲವ್ವನ ತೊಡೆ ಖಾಲಿಯಿತ್ತು. "ಎರಡನೇ ಶಿರಾ ಹೋತು," ಎಂದು ಕೂಗಿದೆ. ಅವಳು ನಕ್ಕು ಕೈ ಬೀಸಿದಳು. ಅವಳ ಗಲ್ಲ ಸ್ವಲ್ಪ ತುಂಬಿಕೊಂಡಂತೆ ಕಂಡಿತು. ಸಂತೋಷಕ್ಕೆ ಇರಬೇಕು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಎರಡಿದ್ದದ್ದು ಒಂದಾಗಲು ಬಹಳ ದಿನ ಬೇಕಾಗಲಿಲ್ಲ, ಒಂದಿದ್ದದ್ದು ಇಲ್ಲದಂತಾಗಲು ಇನ್ನೂ ಕಡಿಮೆ. ಇಷ್ಟು ಬೇಗ ಹೇಗೆ ಎಂದು ಬೀಬಿಜಾನ ಹುಬ್ಬು ಗಂಟಿಕ್ಕಿದಳು. ಎಲ್ಲ ನನ್ನ ಎಡಗೈಯ ಪ್ರತಾಪ ಎಂದು ನಾನು ಬೀಗಿದೆ. ಸಾಲಿನಲ್ಲಿ ನಿಂತವರಿಗೆ ನಾನೇ ಸಲಹೆ ಕೊಡಲು ಶುರುಮಾಡಿದೆ. ಕೈ ಬೀಸಿ ನಡೀರಿ ಅಂದೆ. ಲಿಂಬಿಹಣ್ಣಿನ ಮಾತನ್ನೂ ಹೇಳಿದೆನೇನೋ.

ಅದಾದ ಮೂರನೆಯ ದಿನಕ್ಕೆ, ಈರಭದ್ರ ಗಂಟೆ ಬಡಿಯದೆ ಬುಟ್ಟಿ ಬಿಟ್ಟಿದ್ದೇ ತಡ, ನಾನು ಬಾಣದ ಹಾಗೆ ಮೇಲಕ್ಕೆ ಹಾರಿದೆ. ಟೊಪ್ಪಿಗೆ ಕೆಳಗೇ ಉಳಿಯಿತು. ನಡುವೆ ಏನೋ ಹಸಿರು ಸೀರೆ ಸುಯ್ಯೆಂದು ಇಳಿದು ಹೋಯಿತು, "ದಾವ" ಎನ್ನುವುದಷ್ಟೇ ಕೇಳಿಸಿತು, "ಲಣ್ಣ" ಕೆರೆಯ ಹತ್ತಿರ ಕೇಳಿಸಿರಬೇಕು. ನನ್ನ ತಲೆ ಗಾಲಿಯ ಅಡ್ಡಮರಕ್ಕೆ ಬಡಿದು ಕೋಡು ಮೂಡಿತು. ಸಂಜೆ ನಾನು ಬುಟ್ಟಿಯಲ್ಲಿ ಕೂತರೆ ಬುಟ್ಟಿ ಕದಲಲೇ ಇಲ್ಲ. ಮೇಲಿನವರು ನನ್ನ ಬುಟ್ಟಿಗೆ ಗುಂಡು ಹಾಕಿದರು. ಮೊದಲು ಬಜಿ, ಆಮೇಲೆ ಶಿರಾ. ಅವುಗಳನ್ನು ತೊಡೆಯ ಮೇಲಿಟ್ಟುಕೊಂಡು ಇಳಿಯುವಾಗ ಕಲ್ಲವ್ವ ಎದುರಾದಳು. ದಿನಾ ನೋಡುವ ಮುಖವನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದೆ. ಗಲ್ಲ ಗುಂಡಗಾಗಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಮಂಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಏನ ಮಾಡ್ಕೊಂಡಿ ಇದನ್ನ?" ಎಂದೆ.

ಉತ್ತರಕ್ಕೆ ಬೆಳಗಿನವರೆಗೆ ಕಾಯಬೇಕಾಯಿತು. ಆ ಬೆಳಿಗ್ಗೆ ಗುಂಡು ನನ್ನ ಬುಟ್ಟಿಯಲ್ಲಿದ್ದದ್ದರಿಂದ ನಿಧಾನವಾಗಿಯೇ ದಾಟಿದೆವು. ಅವಳಿಗೆ ಸಿಟ್ಟು ಬಂದಿತ್ತು. "ನೀ ತೂಕ ಇಳಸೂದು ಆಗೂದಿಲ್ಲಂತ ತಿಳದು ನಾ ಏರಿಸೇನಿ. ತುಪ್ಪಾ ನೋಡಿದ್ರ ವಾಕರಿಕಿ ಬರೂ ಹಂಗ ತಿಂದೀನಿ," ಎಂದಳು. ಉಳಿದದ್ದು ತುಂಡು ತುಂಡಾಗಿ ನಾಲ್ಕಾರು ಸಲ ದಾಟಿದ ಮೇಲೆ ಗೊತ್ತಾಯಿತು. ನಾನು ಮೊದಲ ದಿನ ಬಜಿ ಕಿಸೆಯಲ್ಲಿಟ್ಟುಕೊಂಡು ಇಳಿದದ್ದನ್ನು ಅವಳು ನೋಡಿದ್ದಳಂತೆ. ಈ ಮನುಷ್ಯನಿಂದ ಆಗುವ ಮಾತಲ್ಲ ಎಂದು ಅವತ್ತೇ ನಿರ್ಧಾರ ಮಾಡಿದಳಂತೆ. ಶೇಂಗಾ ಹೋಳಿಗೆ, ಬಾಳೆಹಣ್ಣು, ತುಪ್ಪದ ಅನ್ನ. ತಿಂದದ್ದು ಮೈಗೆ ಹತ್ತಲಿ ಎಂದು ಸೊಪ್ಪಿನ ಮಡಿಗೆ ಬಗ್ಗುವುದನ್ನೇ ಬಿಟ್ಟು, ದಿನವಿಡೀ ಹೊಂಗೆಮರದ ಕೆಳಗೆ ಕೂತು ಕೊಯ್ದ ಸೊಪ್ಪಿನ ಸಿವುಡು ಕಟ್ಟುವುದಷ್ಟೇ ಮಾಡಿದಳಂತೆ. ಮೈಗೆ ಹತ್ತಿತು, ಜೊತೆಗೆ ಮಂಡಿಗೂ ಹತ್ತಿತು. ನನ್ನ ಗುಂಡು ಕಡಿಮೆಯಾದಾಗಲೆಲ್ಲ ತನ್ನ ತುಪ್ಪ ಕೆಲಸ ಮಾಡಿತೆಂದು ಅವಳು, ನನ್ನ ಎಡಗೈ ಕೆಲಸ ಮಾಡಿತೆಂದು ನಾನು. ಇಬ್ಬರೂ ಎರಡು ಮಾತಿನಲ್ಲಿ ಇದನ್ನು ಹೇಳಿಕೊಂಡಿದ್ದರೆ ಮುಗಿಯುತ್ತಿತ್ತು. ಅಷ್ಟು ವರ್ಷದಿಂದ ಮಾತನ್ನು ಅಳೆದು ಆಡಿದವರು ನಾವು, ಬೇಕಾದ ಮಾತನ್ನೇ ಉಳಿಸಿಬಿಟ್ಟಿದ್ದೆವು.

ಮಾವಿನ ಮರದಲ್ಲಿ ಪೀಚುಕಾಯಿ ಕಾಣುತ್ತಿತ್ತು. ನಾನು ತೂಕ ಇಳಿಸುವುದನ್ನು ನಿಲ್ಲಿಸಿ ಮತ್ತೆ ತಿನ್ನಲು ಶುರುಮಾಡಿದರೆ ಹೇಗೆ ಎಂದು ಮನೆಯಲ್ಲಿ ಕೇಳಿದೆ. ಕೇಳುವಾಗ ನನ್ನ ಮುಖದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತ್ಯಾಗ ಕಂಡಿರಬೇಕು.

"ಆಕೀ ಮಂಡಿ ನೋವಿಗೆ ನಿಮ್ಮ ಬಜಿ ಔಷಧ ಏನು?" ಎಂದಳು ಬೀಬಿಜಾನ. "ಆಕಿನ್ನೂ ನಡಸ್ರಿ."

ನಡೆಸುವುದು ಹೇಗೆ? ಅವಳು ಕೆಳಗೆ, ನಾನು ಮೇಲೆ. ಮರುದಿನ ಮೋಟುಗೋಡೆಯ ಪಕ್ಕ ನಡೆಯುತ್ತಾ ಕೆಳಗೆ ಬಗ್ಗಿ ನೋಡಿದೆ. ಕೆರೆಯ ಏರಿ ಒಂದು ಗೆರೆಯ ಹಾಗೆ ಕಾಣುತ್ತಿತ್ತು, ಹೊಂಗೆಮರದ ಕೆಳಗೆ ಒಂದು ಹಸಿರು ಚುಕ್ಕೆ. ಟೊಪ್ಪಿಗೆ ತೆಗೆದು ಬೀಸಿದೆ. ಚುಕ್ಕೆ ಕದಲಲಿಲ್ಲ. ಸಂಜೆ ದಾಟುವಾಗ ಹೇಳಿದೆ, ನಾಳೆ ನಾನು ಮೇಲೆ ನಡೆಯುವಾಗ ನೀ ಏರಿಯ ಮೇಲೆ ನಡಿ, ನಾ ನೋಡ್ತಿರ್ತೀನಿ. ಬೆಳಿಗ್ಗೆ ಉತ್ತರ ಬಂತು, ನಾನೇನು ಆಡೇನು ನೀ ಮೇಲಿಂದ ಕಾಯಾಕ ಎಂದಳು. ಆದರೆ ಬಿಸಿಲು ಇಳಿದ ಮೇಲೆ ಟೊಪ್ಪಿಗೆ ಬೀಸಿದಾಗ ಚುಕ್ಕೆ ಎದ್ದು ನಿಂತಿತು. ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗಿ ಕೂತಿತು. ನಾನೂ ಗೋಡೆಯ ಮೇಲೆ ಕೂತೆ. ಅದು ಎದ್ದಿತು, ನಾನೂ ಎದ್ದೆ.

ಆಮೇಲೆ ದಿನವೂ ಹಾಗೇ. ಅವಳು ಕೆರೆಯ ಅಂಚಿಗೆ, ನಾನು ಬಂಡೆಯ ಅಂಚಿಗೆ, ಒಬ್ಬರ ಹೆಜ್ಜೆಗೆ ಇನ್ನೊಬ್ಬರು. ಅವಳು ನಿಂತು ಮಂಡಿ ತಿಕ್ಕಿಕೊಂಡರೆ ನಾನು ಭುಜ ತಿಕ್ಕಿಕೊಂಡೆ. ಮೇಲೋಣಿಯ ಜನಕ್ಕೆ ಕಂಡದ್ದು ಮುದುಕನೊಬ್ಬ ಪಾತಾಳಕ್ಕೆ ಟೊಪ್ಪಿಗೆ ಬೀಸುತ್ತಾ ಒಬ್ಬನೇ ನಗುವುದು. ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಮೌಲಾನ ಹತ್ತಿರ ಇಬ್ಬರು ಬಂದು ಹೇಳಿದರಂತೆ. ಒಂದು ದಿನ ಚುಕ್ಕೆ ಸೊಪ್ಪಿನ ಮಡಿಗೆ ಇಳಿದು ಬಗ್ಗಿದ್ದು ಕಂಡಿತು. ನಾನೂ ಬಗ್ಗಲು ಹೋದೆ. ಬಗ್ಗುವುದು ಬಂತು, ಏಳುವುದಕ್ಕೆ ಆಡಿನ ಕೊಂಬು ಹಿಡಿಯಬೇಕಾಯಿತು. ಆಡಿಗೂ ನನಗೂ ಆಮೇಲೆ ಮಾತಿಲ್ಲ.

ತುಪ್ಪ ಬಿಟ್ಟಳು, ತಾನಾಗಿಯೇ. ನನ್ನ ಬುಟ್ಟಿಯ ಗುಂಡು ದೊಡ್ಡದಿದ್ದದ್ದು ಸಣ್ಣದಾಯಿತು. ಆದರೆ ಆ ವಾರ ನನ್ನ ಮೊಮ್ಮಗನ ಹುಟ್ಟುಹಬ್ಬ ಬಂದು ಗುಂಡು ಅವಳ ಕಡೆಗೆ ಹೋಯಿತು. ಅವಳಿಗೆ ಜ್ವರ ಬಂದು ಅಲ್ಲೇ ಇನ್ನೊಂದು ಕೂಡಿತು, ಮೈ ತುಂಬಿದ ಮೇಲೆ ಮತ್ತೆ ಈ ಕಡೆಗೆ. ಹೊಸ ಹಗ್ಗದ ಹಿಂದಿನ ದಿನ ಯಾರ ಕಡೆ ಎಷ್ಟು ಎಂದು ಈರಭದ್ರನಿಗೂ ಹೇಳಲಾಗಲಿಲ್ಲ. ಹೊಸ ಹಗ್ಗ ಬಿರುಸಿರುತ್ತದೆ ಕಾಕಾ, ಹಳೆಯದರ ಲೆಕ್ಕ ಅದಕ್ಕೆ ನಡೆಯುವುದಿಲ್ಲ ಎಂದ. ಆ ರಾತ್ರಿ ನನಗೆ ಉಳ್ಳಾಗಡ್ಡಿ ವಾಸನೆ ಬಿಡಲಿಲ್ಲ. ಬೀಬಿಜಾನ ಅಡಿಗೆಗೆ ಹೆಚ್ಚಿದ್ದಳು, ಅದು ಬೇರೆ ಮಾತು.

ಬೆಳಿಗ್ಗೆ ಎರಡೂ ಓಣಿಯವರು ನೆರೆದಿದ್ದರು, ಮೇಲಿನವರು ಗೋಡೆಯ ಉದ್ದಕ್ಕೂ, ಕೆಳಗಿನವರು ದಂಡೆಯ ಮೇಲೆ. ನಮ್ಮ ಮುಂದೆ ಹೋದ ಒಂದು ಜೋಡಿಗೆ ನಾಲ್ಕನೆಯ ಗುಂಡು ಬೇಕಾಯಿತು. ಆ ಮನುಷ್ಯ ಇಳಿದು ಬಂದು ಯಾರ ಮುಖವನ್ನೂ ನೋಡದೆ ಚೀಲದವರ ಸಾಲಿಗೆ ಹೋಗಿ ನಿಂತ. ನನ್ನ ಸರದಿ ಬಂದಾಗ ಎರಡೂ ಕಾಲು ಒಂದೇ ಉಸಿರಿನಲ್ಲಿ ಒಳಗೆ ಹೋದದ್ದನ್ನು ಯಾರೂ ಗಮನಿಸಲಿಲ್ಲ. ಗುಂಡಿಲ್ಲ. ಈರಭದ್ರ ಬುಟ್ಟಿಗೆ ಹೆಗಲು ಕೊಟ್ಟು ಒಮ್ಮೆ ಎತ್ತಿ ನೂಕಿದ.

ಬುಟ್ಟಿ ಏರಿತು. ನಿಧಾನವಾಗಿ, ಇನ್ನೂ ನಿಧಾನವಾಗಿ. ಮೇಲಿನಿಂದ ಕಲ್ಲವ್ವನ ಬುಟ್ಟಿಯ ತಳ ಕಂಡಿತು, ಆಮೇಲೆ ಅಂಚು ಹಿಡಿದ ಬೆರಳುಗಳು, ಆಮೇಲೆ ಅವಳು. ನನ್ನ ಬುಟ್ಟಿಯ ಅಂಚಿಗೆ ಅವಳ ಬುಟ್ಟಿಯ ಅಂಚು ಬಂತು. ಗಾಲಿ ಕಿರ್ ಎಂದು ನಿಂತುಬಿಟ್ಟಿತು. ಇಬ್ಬರೂ ನಡು ಆಕಾಶದಲ್ಲಿ ತೂಗಾಡುತ್ತಾ ಉಳಿದೆವು, ಅವಳು ಇಳಿಯುವಂತಿಲ್ಲ, ನಾನು ಏರುವಂತಿಲ್ಲ. ಒಂದು ಸಣ್ಣ ಗುಂಡಿನಷ್ಟೂ ಹೆಚ್ಚು ಕಡಿಮೆಯಿಲ್ಲ. ಕೆಳಗೆ ಜನ ಕೂಗುತ್ತಿದ್ದರು. ಜೋಡಿ ಉಳಿಯಿತು ಎಂದು ಯಾರೋ, ಆದರೆ ಇಳಿಸುವುದು ಹೇಗೆ ಎಂದು ಇನ್ಯಾರೋ.

ಇಷ್ಟು ವರ್ಷ ನುಂಗಿಕೊಂಡ ಅರ್ಧರ್ಧ ಮಾತುಗಳೆಲ್ಲ ನನ್ನ ಹತ್ತಿರ ಇದ್ದವು. ಈಗ ಬೇಕಾದಷ್ಟು ಹೊತ್ತಿತ್ತು. ಒಂದೂ ನೆನಪಾಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿನ್ನ ಎಡಗಣ್ಣ ಕೆಳಗ ಒಂದು ಮಚ್ಚಿ ಐತಿ, ದಾವಲಣ್ಣ," ಎಂದಳು.

"ಹುಟ್ಟಿದಾಗಿಂದ ಐತಿ."

"ನನಗ ಇವತ್ತ ಕಂಡ್ತು ನೋಡು."

ಬಿಸಿಲು ಏರುತ್ತಿತ್ತು. ನಮ್ಮ ಹಿಂದೆ ಇನ್ನೂ ಅರ್ಧ ಊರು ಸಾಲಿನಲ್ಲಿತ್ತು. ನಾನು ಬಗ್ಗಿ, ಈ ಸಲ ಯಾವ ಕೊಂಬನ್ನೂ ಹಿಡಿಯದೆ, ಕಾಲಿನ ಎರಡೂ ಚಪ್ಪಲಿ ಬಿಚ್ಚಿ ಅಂಚಿನ ಮೇಲಿಂದ ಅವಳ ಕೈಗೆ ಕೊಟ್ಟೆ. ಅವಳು ಅವನ್ನು ಸೀರೆಯ ಸೆರಗಿನಿಂದ ಧೂಳು ಒರೆಸಿ ತೊಡೆಯ ಮೇಲಿಟ್ಟುಕೊಂಡಳು. ಗಾಲಿ ಮತ್ತೆ ಕಿರ್ ಎಂದಿತು. ಅವಳು ಇಳಿಯತೊಡಗಿದಳು, ನಾನು ಬರಿಗಾಲಲ್ಲಿ ಮೇಲೋಣಿಗೆ ಏರಿದೆ.